‘ಚಬೆಕ್’ ಎಂದು ಕೂಗುವ ಪುಟ್ಟ ನೊಣಹಿಡುಕ: ಲೀಸ್ಟ್ ಫ್ಲೈಕ್ಯಾಚರ್ ಗುರುತಿಸುವುದು ಹೇಗೆ?

ಮೇ ತಿಂಗಳು ಬಂತೆಂದರೆ ಅಮೆರಿಕದ ಪೂರ್ವ ಭಾಗದಲ್ಲಿ ಹಕ್ಕಿ ನೋಡುವವರಿಗೆ ಹಬ್ಬ. ದಕ್ಷಿಣದಿಂದ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗಳು ರಾತ್ರೋರಾತ್ರಿ ಬಂದಿಳಿಯುತ್ತವೆ. ಹಳದಿ, ನೀಲಿ, ಕಿತ್ತಳೆ ಅಂತ ಒಂದೊಂದಕ್ಕೂ ಒಂದೊಂದು ಬಣ್ಣ. ಪುಸ್ತಕ ತೆಗೆದು ಹೊಂದಿಸಿ ನೋಡಿದರೆ ಹೆಸರು ಸಿಕ್ಕಿಬಿಡುತ್ತದೆ. ಅದೇ ಮರದ ಒಣ ರೆಂಬೆಯ ಮೇಲೆ ಇನ್ನೊಂದು ಪುಟ್ಟ ಹಕ್ಕಿ ನೆಟ್ಟಗೆ ಕೂತಿರುತ್ತದೆ. ಬೂದು ಹಸಿರು ಬೆನ್ನು, ಮಾಸಲು ಬಿಳಿ ಹೊಟ್ಟೆ, ರೆಕ್ಕೆ ಮೇಲೆ ಎರಡು ತೆಳು ಪಟ್ಟಿ, ಕಣ್ಣಿನ ಸುತ್ತ ಬಿಳಿ ಉಂಗುರ. ಮತ್ತೆ ಪುಸ್ತಕ ತೆಗೆದರೆ ಇದೇ ವೇಷದ ಹಕ್ಕಿಗಳು ಪುಟದ ತುಂಬ ಕಾಣುತ್ತವೆ. ನ್ಯೂಜೆರ್ಸಿ, ಶಿಕಾಗೊ, ಟೊರಾಂಟೊಗಳಲ್ಲಿ ಹೊಸದಾಗಿ ಬೈನಾಕ್ಯುಲರ್ ಹಿಡಿದ ಕನ್ನಡಿಗರಿಗೂ ಈ ಪುಟ ಬಂದಾಗ ತಲೆ ಕೆಡುವುದು ಸಹಜ.

ಈ ಗುಂಪಿನ ಹೆಸರು ಎಂಪಿಡೊನ್ಯಾಕ್ಸ್. ಹಕ್ಕಿ ನೋಡುವವರು ಮಾತಿನಲ್ಲಿ ‘ಎಂಪಿಡ್’ ಅನ್ನುತ್ತಾರೆ. ಅಮೆರಿಕ ಮತ್ತು ಕೆನಡಾಗಳಲ್ಲಿ ಗೂಡು ಕಟ್ಟುವ ಎಂಪಿಡ್‌ಗಳು 10 ಪ್ರಭೇದ. ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋದರೆ ಒಂದೂ ಉಳಿಯುವುದಿಲ್ಲ. ಒಂದನ್ನು ಚೆನ್ನಾಗಿ ಕಲಿತು, ಉಳಿದವನ್ನು ಅದರ ಜೊತೆ ಹೋಲಿಸುತ್ತಾ ಹೋಗುವುದು ಸುಲಭದ ದಾರಿ. ಹಾಗೆ ಮೊದಲು ಕಲಿಯಲು ನನ್ನ ಆಯ್ಕೆ ಲೀಸ್ಟ್ ಫ್ಲೈಕ್ಯಾಚರ್. ಪೂರ್ವದಲ್ಲಿ ಸಾಕಷ್ಟು ಕಡೆ ಸಿಗುತ್ತದೆ, ಬೇಗ ಬರುತ್ತದೆ, ಜೋರಾಗಿ ಕೂಗುತ್ತದೆ, ರೂಪದಲ್ಲೂ ಒಂದಿಷ್ಟು ತನ್ನತನ ಇದೆ.

ಕ್ರಮ ಮಾತ್ರ ಮುಖ್ಯ. ಮೊದಲು ಕಿವಿ, ಆಮೇಲೆ ಆಕಾರ, ಜೊತೆಗೆ ಜಾಗ ಮತ್ತು ತಿಂಗಳು. ಬಣ್ಣ ಕೊನೆಗೆ. ನಾವು ಬೇರೆ ಹಕ್ಕಿಗಳಿಗೆ ಮಾಡುವುದಕ್ಕೆ ಇದು ತಲೆಕೆಳಗು, ಅಲ್ವಾ? ಎಂಪಿಡ್‌ಗಳ ವಿಷಯದಲ್ಲಿ ಹೊಸಬರು ಸೋಲುವುದಕ್ಕೆ ಬಹುಪಾಲು ಬಣ್ಣದಿಂದ ಶುರು ಮಾಡುವುದೇ ಕಾರಣ ಎನ್ನುವುದು ನನ್ನ ಅನಿಸಿಕೆ.

ಬಣ್ಣವನ್ನು ಯಾಕೆ ನಂಬಬಾರದು ಅಂತ ಹೇಳಿಬಿಡುತ್ತೇನೆ. ಹಸಿರೆಲೆಗಳ ನಡುವೆ ಕೂತ ಹಕ್ಕಿಯ ಬೂದು ಬೆನ್ನು ಹಸಿರಾಗಿ ಕಾಣುತ್ತದೆ. ಬೆಳಗಿನ ಬಿಸಿಲಿನಲ್ಲಿ ಹೊಟ್ಟೆ ಹಳದಿ ಆಗುತ್ತದೆ. ಜುಲೈ ಹೊತ್ತಿಗೆ ಗರಿ ಸವೆದ ಹಕ್ಕಿಯಲ್ಲಿ ರೆಕ್ಕೆ ಪಟ್ಟಿ ಮಾಸಿ, ಕಣ್ಣುಂಗುರ ಅರ್ಧ ಅಳಿಸಿ ಹೋಗಿರುತ್ತದೆ. ಅದೇ ವರ್ಷ ಹುಟ್ಟಿದ ಮರಿಯಲ್ಲಿ ರೆಕ್ಕೆ ಪಟ್ಟಿ ಬಿಳಿಯ ಬದಲು ತಿಳಿ ಕಂದು ಇರುತ್ತದೆ. ಒಂದೇ ಪ್ರಭೇದದೊಳಗೆ ಇಷ್ಟು ವ್ಯತ್ಯಾಸ ಇದೆ. ಎರಡು ಪ್ರಭೇದಗಳ ನಡುವೆ ಅಷ್ಟು ವ್ಯತ್ಯಾಸ ಇಲ್ಲದೆಯೂ ಇರಬಹುದು.

ಮೊದಲು ಅದು ಎಂಪಿಡ್ ಹೌದೇ?

ಇಲ್ಲಿ ಬೇಗ ಬೇಗ ನಾಲ್ಕು ಮಾತು. ಈಸ್ಟರ್ನ್ ಫೀಬಿ ಸ್ವಲ್ಪ ದೊಡ್ಡದು, ತಲೆ ಕಪ್ಪಾಗಿರುತ್ತದೆ, ಕಣ್ಣುಂಗುರ ಇಲ್ಲ, ಕೂತಲ್ಲೇ ಬಾಲವನ್ನು ಕೆಳಕ್ಕೆ ತೂಗುತ್ತಿರುತ್ತದೆ. ಈಸ್ಟರ್ನ್ ವುಡ್-ಪೀವಿಯ ರೆಕ್ಕೆ ಉದ್ದ, ಎದ್ದು ಕಾಣುವ ಕಣ್ಣುಂಗುರ ಇಲ್ಲ, ಬಾಲ ಅಲ್ಲಾಡಿಸುವ ಅಭ್ಯಾಸವೂ ಇಲ್ಲ. ರೂಬಿ-ಕ್ರೌನ್ಡ್ ಕಿಂಗ್‌ಲೆಟ್‌ಗೆ ಕಣ್ಣುಂಗುರವೂ ಇದೆ, ರೆಕ್ಕೆ ಪಟ್ಟಿಯೂ ಇದೆ. ಆದರೆ ಅದು ಎಲೆಗಳ ನಡುವೆ ಒಂದು ಕ್ಷಣ ನಿಲ್ಲದೆ ಹರಿದಾಡುತ್ತದೆ. ಎಂಪಿಡ್ ಹಾಗಲ್ಲ. ನೆಟ್ಟಗೆ ಕೂರುತ್ತದೆ, ಕಾಯುತ್ತದೆ, ಹಾರಿ ಹುಳ ಹಿಡಿಯುತ್ತದೆ, ಮತ್ತೆ ಕೂರುತ್ತದೆ. ಕೂತಾಗ ಬಾಲ, ರೆಕ್ಕೆಗಳನ್ನು ಪಟ್ ಅಂತ ಕೊಡವುತ್ತದೆ.

ಇದನ್ನು ಓದುವಾಗ ನಮ್ಮೂರಿನ ಹಕ್ಕಿ ನೋಡಿದವರಿಗೆ ಚಳಿಗಾಲದಲ್ಲಿ ಕರ್ನಾಟಕಕ್ಕೆ ಬರುವ ಕಂದು ನೊಣಹಿಡುಕ ನೆನಪಾಗಬಹುದು. ಅದಕ್ಕೂ ಕಣ್ಣುಂಗುರ ಇದೆ, ಅದೂ ನೆಟ್ಟಗೆ ಕೂತು ಹುಳ ಹಿಡಿಯುತ್ತದೆ. ಆದರೆ ಎರಡಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಒಂದೇ ಬಗೆಯ ಬದುಕು ಎರಡನ್ನೂ ಒಂದೇ ಬಗೆಯ ರೂಪಕ್ಕೆ ತಂದಿದೆ. ಎಂಪಿಡ್‌ಗಳು ಟೈರಂಟ್ ಫ್ಲೈಕ್ಯಾಚರ್ ಎಂಬ ಕುಟುಂಬಕ್ಕೆ ಸೇರಿದವು. 400ಕ್ಕೂ ಹೆಚ್ಚು ಪ್ರಭೇದಗಳ ಈ ಕುಟುಂಬ ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಮಾತ್ರ. ಈ ವಿಷಯ ಸುಮ್ನೆ ಹೇಳಿದ್ದಲ್ಲ. ಕಿವಿಯನ್ನು ಯಾಕೆ ನಂಬಬೇಕು ಅನ್ನುವುದಕ್ಕೆ ಉತ್ತರ ಈ ಕುಟುಂಬದ ಕತೆಯಲ್ಲೇ ಇದೆ.

ಹುಟ್ಟಿನಿಂದ ಬಂದ ಹಾಡು

ನಮ್ಮ ಮಡಿವಾಳ ಹಕ್ಕಿ ಹಾಡುವುದನ್ನು ಕೇಳಿದ್ದೀರಲ್ಲ. ಅದು ಹಾಡನ್ನು ಕಲಿಯುವ ಹಕ್ಕಿಗಳ ಗುಂಪಿಗೆ ಸೇರಿದ್ದು. ಅಂಥ ಹಕ್ಕಿಗಳು ಮರಿಯಾಗಿದ್ದಾಗ ದೊಡ್ಡವರ ಹಾಡು ಕೇಳಿ ಕಲಿಯುತ್ತವೆ. ಹಾಗಾಗಿ ಊರಿನಿಂದ ಊರಿಗೆ, ಹಕ್ಕಿಯಿಂದ ಹಕ್ಕಿಗೆ ಹಾಡು ಬದಲಾಗುತ್ತದೆ. ಬೇರೆ ಹಕ್ಕಿಯ ಕೂಗು ಕದ್ದು ಸೇರಿಸುವವೂ ಇವೆ. ಟೈರಂಟ್ ಫ್ಲೈಕ್ಯಾಚರ್‌ಗಳು ಇನ್ನೊಂದು ಕವಲಿನವು. ಆ ಕವಲಿನ ಹಕ್ಕಿ ನಮ್ಮಲ್ಲೂ ಒಂದಿದೆ: ಚಳಿಗಾಲದಲ್ಲಿ ನಮ್ಮ ಕಾಡು, ತೋಟಗಳಿಗೆ ಬರುವ ನವರಂಗ.

ಎಂಪಿಡ್‌ಗಳು ಹಾಡು ಕಲಿಯುವುದಿಲ್ಲ ಅನ್ನುವುದನ್ನು ಡೊನಾಲ್ಡ್ ಕ್ರೂಡ್ಸ್ಮಾ ಎಂಬ ಅಮೆರಿಕದ ಪಕ್ಷಿವಿಜ್ಞಾನಿ ಚೆಂದದ ಪ್ರಯೋಗದಿಂದ ತೋರಿಸಿದರು. ವಿಲ್ಲೋ ಫ್ಲೈಕ್ಯಾಚರ್ ಮತ್ತು ಆಲ್ಡರ್ ಫ್ಲೈಕ್ಯಾಚರ್ ಮರಿಗಳನ್ನು ಗೂಡಿನಿಂದ ತಂದು ಸಾಕಿದರು. ಒಂದರ ಮರಿಗೆ ಇನ್ನೊಂದರ ಹಾಡು ಕೇಳಿಸಿದರು. ದೊಡ್ಡವಾದ ಮೇಲೆ ಅವು ಕೇಳಿದ ಹಾಡನ್ನು ಹಾಡಲಿಲ್ಲ, ತಮ್ಮ ತಮ್ಮ ಜಾತಿಯ ಹಾಡನ್ನೇ ಹಾಡಿದವು. 1984ರಲ್ಲಿ ಇದು ಪ್ರಕಟವಾಯಿತು.

ಹಕ್ಕಿ ಗುರುತಿಸುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ? ಮೇನ್ ರಾಜ್ಯದ ಲೀಸ್ಟ್ ಫ್ಲೈಕ್ಯಾಚರ್ ಹೇಗೆ ಕೂಗುತ್ತದೋ ದೂರದ ಕೆನಡಾದ ಆಲ್ಬರ್ಟಾದ್ದೂ ಹೆಚ್ಚು ಕಡಿಮೆ ಹಾಗೇ ಕೂಗುತ್ತದೆ. ಒಂದು ಸಲ ಕಿವಿಗೆ ಹತ್ತಿಸಿಕೊಂಡರೆ ಸಾಕು.

ಲೀಸ್ಟ್‌ನ ಹಾಡು ‘ಚಬೆಕ್!’ ಎರಡೇ ತುಣುಕು, ಎರಡನೆಯದಕ್ಕೆ ಒತ್ತು. ಒಣಗಿದ, ಗಡುಸಾದ ದನಿ. ಗಂಡು ಹಾಡುವುದನ್ನು ಹತ್ತಿರದಿಂದ ನೋಡಬೇಕು. ಒಂದೊಂದು ‘ಚಬೆಕ್’ಗೂ ತಲೆ ಹಿಂದಕ್ಕೆ ಎಸೆದಂತೆ ಮಾಡುತ್ತದೆ, ಬಾಲ ಪಟ್ ಅಂತ ಮೇಲೇಳುತ್ತದೆ, ಇಡೀ ಮೈ ಅದುರುತ್ತದೆ. ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲವೇನೋ ಅನ್ನುವ ಹಾಗೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಸುಮಾರು 10 ಗ್ರಾಂ ತೂಕದ ಮೈಯಿಂದ ಅಷ್ಟು ಸದ್ದು!

ಪೂರ್ವದಲ್ಲಿ ಇದರ ಜೊತೆ ಸಿಗುವ ಉಳಿದ ನಾಲ್ಕರ ಹಾಡುಗಳೂ ಬೇರೆ ಬೇರೆ. ವಿಲ್ಲೋ ‘ಫಿಟ್ಸ್-ಬ್ಯೂ’ ಅಂತ ಸೀನಿದಂತೆ ಕೂಗುತ್ತದೆ. ಆಲ್ಡರ್‌ನದು ‘ಫೀ-ಬೀ-ಓ’, ನಡುವಿನ ತುಣುಕಿಗೆ ಒತ್ತು. ಅಕೇಡಿಯನ್‌ನದು ‘ಪೀಟ್-ಸಾ’, ಕಾಡಿನೊಳಗೆ ಪಟಾಕಿಯಂತೆ ಸಿಡಿಯುತ್ತದೆ. ಯೆಲ್ಲೋ-ಬೆಲ್ಲೀಡ್‌ನ ‘ಕಿಲಿಕ್’ ಮಾತ್ರ ಹುಷಾರಾಗಿ ಕೇಳಬೇಕು. ದೂರದಿಂದ ಲೀಸ್ಟ್‌ನ ‘ಚಬೆಕ್’ ಥರವೇ ಅನಿಸುತ್ತದೆ. ಆದರೆ ಅದು ತಗ್ಗಿದ ದನಿ, ಒರಟು, ಲೀಸ್ಟ್‌ನ ರಭಸ ಇರುವುದಿಲ್ಲ, ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಬಿಡುವೂ ಜಾಸ್ತಿ. ಅದು ‘ಚು-ವೀ’ ಅಂತ ಮೆತ್ತಗೆ ಮೇಲೇರುವ ಸಿಳ್ಳೆ ಹಾಕಿದರೆ ಅನುಮಾನ ಮುಗಿಯಿತು. ಲೀಸ್ಟ್‌ಗೆ ಆ ಸಿಳ್ಳೆ ಇಲ್ಲ.

ಹಾಡದೆ ಬರೀ ಚುಟುಕಾಗಿ ಕೂಗುವಾಗಲೂ ದಾರಿ ಇದೆ. ಲೀಸ್ಟ್ ‘ವಿಟ್, ವಿಟ್’ ಅನ್ನುತ್ತದೆ. ತೊಂದರೆ ಏನೆಂದರೆ ವಿಲ್ಲೋ ಕೂಡ ‘ವಿಟ್’ ಅನ್ನುತ್ತದೆ. ಪಶ್ಚಿಮದ ಡಸ್ಕಿ, ಗ್ರೇ ಫ್ಲೈಕ್ಯಾಚರ್‌ಗಳೂ ಅಷ್ಟೇ. ಆದರೆ ಆಲ್ಡರ್ ‘ಪಿಪ್’ ಅನ್ನುತ್ತದೆ, ಪಶ್ಚಿಮದ ಇನ್ನೊಂದು ಎಂಪಿಡ್ ಹ್ಯಾಮಂಡ್ಸ್ ಚೂಪಾಗಿ ‘ಪೀಕ್’ ಅನ್ನುತ್ತದೆ, ಅಕೇಡಿಯನ್ ‘ಪೀಟ್’ ಅನ್ನುತ್ತದೆ. ಅಂದರೆ ‘ವಿಟ್’ ಕೇಳಿದ ಕೂಡಲೇ ಅರ್ಧ ಹಕ್ಕಿಗಳು ಪಟ್ಟಿಯಿಂದ ಹೊರಗೆ. ಉಳಿದ ಅರ್ಧಕ್ಕೆ ಕಣ್ಣು ಬೇಕು.

ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು ಮಾಡಿದ ಮರ್ಲಿನ್ ಆ್ಯಪ್‌ನಲ್ಲಿ 2021ರಿಂದ ಕೂಗು ಗುರುತಿಸುವ ಸೌಲಭ್ಯ ಇದೆ. ಹಾಡಿನ ವಿಷಯದಲ್ಲಿ ಒಳ್ಳೆಯ ಸಹಾಯ. ಒಂದೇ ಒಂದು ‘ವಿಟ್’ ಕೇಳಿ ಅದು ಕೊಟ್ಟ ಹೆಸರನ್ನು ಮಾತ್ರ ಹಾಗೇ ಬರೆದುಕೊಳ್ಳಬೇಡಿ. ಆ್ಯಪ್ ಹೆಸರು ಹೇಳಿದ ಮೇಲೆ ನೀವೂ ನಿಂತು ಕೇಳಿ, ರೆಕಾರ್ಡ್ ಉಳಿಸಿಕೊಳ್ಳಿ.

ಕಣ್ಣಿಗೆ ಕೆಲಸ

ಆಕಾರದಲ್ಲಿ ನೋಡಬೇಕಾದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮಡಚಿದ ರೆಕ್ಕೆಯ ತುದಿ. ಪುಸ್ತಕಗಳಲ್ಲಿ ಇದಕ್ಕೆ ‘ಪ್ರೈಮರಿ ಪ್ರೊಜೆಕ್ಷನ್’ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಹಕ್ಕಿಯ ಕೈಯಿಂದ ಹುಟ್ಟುವ ಉದ್ದ ಗರಿಗಳು ಪ್ರೈಮರಿಗಳು. ರೆಕ್ಕೆ ಮಡಚಿದಾಗ ಒಳಗಿನ ಗರಿಗಳು ಅವನ್ನು ಮೇಲಿನಿಂದ ಮುಚ್ಚುತ್ತವೆ. ತುದಿಗಳಷ್ಟೇ ಹೊರಗೆ ಉಳಿಯುತ್ತವೆ, ಉದ್ದ ತೋಳಿನ ಅಂಗಿಯಿಂದ ಬೆರಳ ತುದಿ ಹೊರಗೆ ಕಂಡ ಹಾಗೆ. ಎಷ್ಟು ಹೊರಗೆ ಚಾಚಿವೆ ಅನ್ನುವುದೇ ನಾವು ನೋಡಬೇಕಾದ್ದು.

ಲೀಸ್ಟ್‌ನಲ್ಲಿ ಈ ಚಾಚು ಗಿಡ್ಡ. ಅಕೇಡಿಯನ್‌ನಲ್ಲಿ ಉದ್ದ. ಪಶ್ಚಿಮದ ಹ್ಯಾಮಂಡ್ಸ್‌ನಲ್ಲೂ ಉದ್ದ, ಅದರ ಅವಳಿಯಂತಿರುವ ಡಸ್ಕಿಯಲ್ಲಿ ಗಿಡ್ಡ. ಬಿಸಿಲು, ನೆರಳು, ಎಲೆಯ ಬಣ್ಣ ಯಾವುದೂ ಇದನ್ನು ಬದಲಿಸುವುದಿಲ್ಲ. ಹಾಗಾಗಿ ಕ್ಯಾಮೆರಾ ಇರುವವರು ಹಕ್ಕಿ ಪಕ್ಕಕ್ಕೆ ತಿರುಗಿ ಕೂತಾಗ, ರೆಕ್ಕೆ ಪೂರ್ತಿ ಮಡಚಿದಾಗ ಒಂದು ಫೋಟೋ ತೆಗೆಯಲೇಬೇಕು. ಎದುರಿನಿಂದ ತೆಗೆದ ಹತ್ತು ಸುಂದರ ಫೋಟೋಗಳಿಗಿಂತ ಪಕ್ಕದಿಂದ ತೆಗೆದ ಒಂದು ಸಾಧಾರಣ ಫೋಟೋ ಜಾಸ್ತಿ ಹೇಳುತ್ತದೆ.

ಎರಡನೆಯದು ಕೊಕ್ಕು. ಅದನ್ನು ಕೆಳಗಿನಿಂದ ನೋಡಬೇಕು. ಮರದ ಮೇಲೆ ಕೂತ ಹಕ್ಕಿಯನ್ನು ನಾವು ಹೇಗೂ ಕೆಳಗಿನಿಂದಲೇ ನೋಡುವುದು, ಅದು ಅನುಕೂಲವೇ. ಲೀಸ್ಟ್‌ನ ಕೊಕ್ಕು ಗಿಡ್ಡ, ಬುಡ ಅಗಲ, ಹಾಗಾಗಿ ತ್ರಿಕೋನದಂತೆ ಕಾಣುತ್ತದೆ. ಕೆಳದವಡೆ ಬಹುಪಾಲು ತಿಳಿ ಹಳದಿ ಅಥವಾ ಕಿತ್ತಳೆ, ತುದಿಯಲ್ಲಿ ಕೆಲವೊಮ್ಮೆ ಕಪ್ಪು ಛಾಯೆ. ವಿಲ್ಲೋ, ಆಲ್ಡರ್, ಅಕೇಡಿಯನ್‌ಗಳ ಕೊಕ್ಕು ಇದಕ್ಕಿಂತ ದೊಡ್ಡದು, ಅಗಲ, ಕೆಳಗೆ ಪೂರ್ತಿ ಕಿತ್ತಳೆ ಹಳದಿ. ಹ್ಯಾಮಂಡ್ಸ್‌ನದು ಸಣ್ಣ, ತೆಳು, ಬಹುಪಾಲು ಕಪ್ಪು.

ಮೂರನೆಯದು ತಲೆ ಮತ್ತು ಕಣ್ಣುಂಗುರ. ಲೀಸ್ಟ್‌ನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ದುಂಡಗೆ. ಅದರೊಳಗೆ ದಪ್ಪ ಬಿಳಿ ಉಂಗುರ ಹಾಕಿದ ಕಣ್ಣು. ಹಾಗಾಗಿ ಮುಖ ನೋಡಿದರೆ ಸದಾ ಬೆರಗಾದಂತೆ ಕಾಣುತ್ತದೆ. ವಿಲ್ಲೋದಲ್ಲಿ ಉಂಗುರ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಆಲ್ಡರ್‌ನಲ್ಲಿ ಅದಕ್ಕಿಂತ ಸ್ವಲ್ಪ ಸ್ಪಷ್ಟ, ಆದರೂ ಲೀಸ್ಟ್‌ನಷ್ಟು ಎದ್ದು ಕಾಣುವುದಿಲ್ಲ. ಯೆಲ್ಲೋ-ಬೆಲ್ಲೀಡ್‌ನಲ್ಲಿ ಉಂಗುರ ಚೆನ್ನಾಗಿದೆ. ಅದರ ಗಂಟಲು ನೋಡಿ: ಹಳದಿ ಹೊಟ್ಟೆಯ ಛಾಯೆ ಗಂಟಲಿಗೂ ಹರಡಿರುತ್ತದೆ. ಲೀಸ್ಟ್‌ನ ಗಂಟಲು ಬಿಳಿ. ಬಣ್ಣ ಕೊನೆಗೆ ಅಂದೆನಲ್ಲ, ಈಗ ಆ ಕೊನೆಗೆ ಬಂದೆವು.

ನಡವಳಿಕೆಯಲ್ಲಿ ಲೀಸ್ಟ್ ಸುಮ್ಮನಿರದ ಹಕ್ಕಿ. ಕೂತ ಜಾಗ ಆಗಾಗ ಬದಲಿಸುತ್ತದೆ, ಬಾಲ ಮೇಲಕ್ಕೆ ಕೊಡವುತ್ತದೆ. ಪಶ್ಚಿಮದ ಗ್ರೇ ಫ್ಲೈಕ್ಯಾಚರ್ ಬಾಲವನ್ನು ಮೊದಲು ಕೆಳಕ್ಕೆ ನಿಧಾನವಾಗಿ ಇಳಿಸುತ್ತದೆ. ಎಂಪಿಡ್‌ಗಳಲ್ಲಿ ಹೀಗೆ ಮಾಡುವುದು ಅದೊಂದೇ. ಈ ಒಂದು ಅಭ್ಯಾಸ ನೋಡಿಯೇ ಎಷ್ಟೋ ಜನ ಅದನ್ನು ದೂರದಿಂದ ಹೇಳುತ್ತಾರೆ.

ಜಾಗ ಮತ್ತು ತಿಂಗಳು

ಗೂಡು ಕಟ್ಟುವ ಕಾಲದಲ್ಲಿ ಎಂಪಿಡ್‌ಗಳು ಜಾಗದ ವಿಷಯದಲ್ಲಿ ತುಂಬ ಹಟದವು. ಲೀಸ್ಟ್‌ಗೆ ಆಸ್ಪೆನ್, ಬರ್ಚ್, ಮೇಪಲ್‌ನಂಥ ಎಲೆ ಉದುರಿಸುವ ಮರಗಳ ಕಾಡು, ಅದರ ಅಂಚು ಬೇಕು. ಅಕೇಡಿಯನ್‌ಗೆ ತೊರೆ ಹರಿಯುವ ದಟ್ಟ, ಎತ್ತರದ ಕಾಡು. ಯೆಲ್ಲೋ-ಬೆಲ್ಲೀಡ್‌ಗೆ ಉತ್ತರದ ಸ್ಪ್ರೂಸ್ ಮರಗಳ ಜೌಗು. ಅದು ನೆಲದ ಪಾಚಿಯೊಳಗೆ ಗೂಡು ಮಾಡುತ್ತದೆ. ವಿಲ್ಲೋ, ಆಲ್ಡರ್‌ಗಳಿಗೆ ನೀರಿನ ಹತ್ತಿರದ ಪೊದೆ. ಜೂನ್‌ನಲ್ಲಿ ಪೊದೆಯೊಳಗೆ ಕೂತ ಎಂಪಿಡ್ ಲೀಸ್ಟ್ ಆಗಿರುವ ಸಾಧ್ಯತೆ ಕಡಿಮೆ.

ಲೀಸ್ಟ್‌ಗೆ ಇನ್ನೊಂದು ಸ್ವಭಾವ ಇದೆ. ಕಾಡು ಎಷ್ಟೇ ದೊಡ್ಡದಿದ್ದರೂ ಒಂದು ಮೂಲೆಯಲ್ಲಿ ಹಲವು ಜೋಡಿಗಳು ಒತ್ತೊತ್ತಾಗಿ ಗೂಡು ಮಾಡುತ್ತವೆ. ಒಂದು ‘ಚಬೆಕ್’ ಕೇಳಿದಲ್ಲಿ ಇನ್ನೂ ಮೂರು ನಾಲ್ಕು ಕೇಳಬಹುದು. ಜಗಳಗಂಟ ಹಕ್ಕಿ ಕೂಡ. ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಸಂಶೋಧನಾ ಕಾಡಿನಲ್ಲಿ ಥಾಮಸ್ ಶೆರ್ರಿ, ರಿಚರ್ಡ್ ಹೋಮ್ಸ್ ಎಂಬ ವಿಜ್ಞಾನಿಗಳು ನೋಡಿದಂತೆ, ಅಮೆರಿಕನ್ ರೆಡ್‌ಸ್ಟಾರ್ಟ್ ಎಂಬ ವಾರ್ಬ್ಲರ್ ಮೇಲೆ ಇದು ಎರಗಿ ಓಡಿಸುತ್ತದೆ. ಲೀಸ್ಟ್ ಇರುವಲ್ಲಿ ರೆಡ್‌ಸ್ಟಾರ್ಟ್ ನೆಲೆಸುವುದೇ ಕಡಿಮೆ. ಅದೇ ಕಾಡು ಬೆಳೆದು ಹಳೆಯದಾಗುತ್ತಾ ಹೋದಂತೆ, ಒಂದು ಕಾಲಕ್ಕೆ ಅಲ್ಲಿ ಹೇರಳವಾಗಿದ್ದ ಲೀಸ್ಟ್ ಕಡಿಮೆಯಾಗುತ್ತಾ ಬಂದು ಕೊನೆಗೆ ಇಲ್ಲವಾಯಿತು. ಯಾರೂ ಮರ ಕಡಿಯಲಿಲ್ಲ. ಕಾಡಿಗೆ ವಯಸ್ಸಾಯಿತು, ಅಷ್ಟೇ. ಇಂಥ ಬದಲಾವಣೆ ನಮಗೆ ಗೊತ್ತಾಗುವುದು ಯಾರೋ ವರ್ಷಾನುಗಟ್ಟಲೆ ಹಕ್ಕಿಯನ್ನು ಸರಿಯಾಗಿ ಗುರುತಿಸಿ ಎಣಿಸಿದ್ದರಿಂದ.

ತಿಂಗಳೂ ಸಾಕ್ಷಿ ಹೇಳುತ್ತದೆ. ವಸಂತದಲ್ಲಿ ಲೀಸ್ಟ್ ಬೇಗ ಬರುತ್ತದೆ, ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ. ಆಲ್ಡರ್, ಯೆಲ್ಲೋ-ಬೆಲ್ಲೀಡ್‌ಗಳು ತಡ, ಮೇ ಕೊನೆಯ ಹೊತ್ತಿಗೆ. ಹೋಗುವುದರಲ್ಲೂ ಲೀಸ್ಟ್‌ಗೆ ಅವಸರ. ದೊಡ್ಡ ಹಕ್ಕಿಗಳು ಜುಲೈನಲ್ಲೇ ದಕ್ಷಿಣಕ್ಕೆ ಹೊರಟುಬಿಡುತ್ತವೆ, ಮರಿಗಳು ಹಿಂದಿನಿಂದ ಬರುತ್ತವೆ. ಹೊಸ ಗರಿ ಹುಟ್ಟಿಸಿಕೊಳ್ಳುವುದು ಮೆಕ್ಸಿಕೊ, ಮಧ್ಯ ಅಮೆರಿಕ ತಲುಪಿದ ಮೇಲೆ. ಹ್ಯಾಮಂಡ್ಸ್ ಮತ್ತು ಅಕೇಡಿಯನ್ ಹೊರಡುವ ಮೊದಲೇ ಹೊಸ ಗರಿ ಹಾಕಿಕೊಳ್ಳುತ್ತವೆ. ಆದ್ದರಿಂದ ಆಗಸ್ಟ್ ಕೊನೆಯಲ್ಲಿ ಕಂಡ ಬೆಳೆದ ಹಕ್ಕಿಯ ಗರಿಗಳು ಹರಿದು ಸವೆದಿದ್ದರೆ ಲೀಸ್ಟ್ ಕಡೆಗೆ, ಹೊಚ್ಚ ಹೊಸದಾಗಿದ್ದರೆ ಹ್ಯಾಮಂಡ್ಸ್, ಅಕೇಡಿಯನ್ ಕಡೆಗೆ ಯೋಚನೆ ಹರಿಸಬಹುದು.

ವಿಜ್ಞಾನಿಗಳೂ ತಡಕಾಡಿದ ಹಾದಿ

ಲೀಸ್ಟ್ ಫ್ಲೈಕ್ಯಾಚರ್‌ಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 1843ರಲ್ಲಿ. ಕೊಟ್ಟವರು ಪೆನ್ಸಿಲ್ವೇನಿಯಾದ ಕಾರ್ಲೈಲ್ ಊರಿನ ಅಣ್ಣತಮ್ಮಂದಿರು, ವಿಲಿಯಂ ಮತ್ತು ಸ್ಪೆನ್ಸರ್ ಬೇರ್ಡ್. ಯೆಲ್ಲೋ-ಬೆಲ್ಲೀಡ್‌ಗೂ ಅದೇ ವರ್ಷ ಅವರೇ ಹೆಸರಿಟ್ಟರು. ಸ್ಪೆನ್ಸರ್ ತನ್ನ 17ನೇ ವಯಸ್ಸಿನಲ್ಲೇ ಒಂದು ಪುಟ್ಟ ನೊಣಹಿಡುಕದ ಬಗ್ಗೆ, ಇದು ಹೊಸ ಪ್ರಭೇದ ಇರಬಹುದೇ ಎಂದು ಆಗಿನ ಪ್ರಸಿದ್ಧ ಪಕ್ಷಿತಜ್ಞ ಜಾನ್ ಜೇಮ್ಸ್ ಆಡುಬನ್‌ಗೆ ಪತ್ರ ಬರೆದಿದ್ದ. ಮುಂದೆ ಆತ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥನಾದ.

ವಿಲ್ಲೋ ಮತ್ತು ಆಲ್ಡರ್‌ಗಳ ಕತೆ ಇನ್ನೂ ಉದ್ದ. 20ನೇ ಶತಮಾನದ ಬಹುಪಾಲು ಎರಡೂ ಸೇರಿ ‘ಟ್ರೇಲ್ಸ್ ಫ್ಲೈಕ್ಯಾಚರ್’ ಎಂಬ ಒಂದೇ ಹಕ್ಕಿ ಎನಿಸಿಕೊಂಡಿದ್ದವು. ಕೆಲವು ‘ಫಿಟ್ಸ್-ಬ್ಯೂ’, ಕೆಲವು ‘ಫೀ-ಬೀ-ಓ’ ಅಂತ ಹಾಡುವುದನ್ನು ರಾಬರ್ಟ್ ಸ್ಟೈನ್ ಎಂಬ ವಿಜ್ಞಾನಿ ಕೂಲಂಕಷವಾಗಿ ಅಧ್ಯಯನ ಮಾಡಿದರು. ಒಂದೇ ಪೊದೆಗಾಡಿನಲ್ಲಿದ್ದರೂ ಎರಡೂ ಬೆರೆಯುವುದಿಲ್ಲ ಅಂತ ತೋರಿಸಿದರು. 1973ರಲ್ಲಿ ಅವನ್ನು ಎರಡು ಪ್ರಭೇದ ಎಂದು ಒಪ್ಪಲಾಯಿತು. ಪಶ್ಚಿಮದಲ್ಲಿ ಇದರ ಉಲ್ಟಾ ನಡೆಯಿತು. ವೆಸ್ಟರ್ನ್ ಫ್ಲೈಕ್ಯಾಚರನ್ನು 1989ರಲ್ಲಿ ಪೆಸಿಫಿಕ್-ಸ್ಲೋಪ್, ಕಾರ್ಡಿಲೆರನ್ ಎಂದು ಎರಡಾಗಿ ಒಡೆದರು. ನಡುವಿನ ಪ್ರದೇಶಗಳಲ್ಲಿ ಎರಡೂ ಬೆರೆಯುವುದು ಕಂಡು 2023ರಲ್ಲಿ ಮತ್ತೆ ಒಂದು ಮಾಡಿದರು.

ಈ ಗುರುತಿಸುವಿಕೆ ಬರೀ ಪಟ್ಟಿ ತುಂಬಿಸುವ ಕೆಲಸ ಎಂದುಕೊಳ್ಳಬೇಡಿ. ಅಮೆರಿಕದ ನೈಋತ್ಯ ಭಾಗದಲ್ಲಿರುವ ವಿಲ್ಲೋ ಫ್ಲೈಕ್ಯಾಚರ್‌ನ ಉಪಪ್ರಭೇದವನ್ನು 1995ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ನದಿ ದಂಡೆಯ ಪೊದೆಗಾಡುಗಳು ಹೋದಂತೆ ಅದೂ ಹೋಗುತ್ತಿದೆ. ಅದನ್ನು ಎಣಿಸಲು ಹೋಗುವ ತರಬೇತಾದ ಸಮೀಕ್ಷಕರು ಕೂಡ ಹಕ್ಕಿ ಕಂಡ ಮಾತ್ರಕ್ಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಫಿಟ್ಸ್-ಬ್ಯೂ’ ಕಿವಿಗೆ ಬೀಳಲೇಬೇಕು. ಅದೂ ಸಾಲದು. ಉತ್ತರಕ್ಕೆ ಹಾದು ಹೋಗುವ ಬೇರೆ ವಿಲ್ಲೋಗಳೂ ಅಲ್ಲೇ ಇಳಿದು ಹಾಡುತ್ತವಲ್ಲ, ಹಾಗಾಗಿ ಬೇಸಿಗೆಯಲ್ಲಿ ಹಲವು ಸಲ ಹೋಗಿ, ಯಾವುದು ಉಳಿದಿದೆ ಎಂದು ನೋಡುತ್ತಾರೆ.

ಮೌನಿ ಹಕ್ಕಿಗೆ ಏನು ಮಾಡುವುದು?

ಸೆಪ್ಟೆಂಬರ್‌ನಲ್ಲಿ ಎಂಪಿಡ್‌ಗಳು ಹಾಡುವುದೇ ಕಡಿಮೆ. ಗೂಡಿನ ಜಾಗ ಬಿಟ್ಟು ಎಲ್ಲೆಂದರಲ್ಲಿ ಇಳಿಯುತ್ತವೆ. ಎರಡು ಸೆಕೆಂಡು ಕಂಡು ಮಾಯವಾದ ಹಕ್ಕಿಗೆ ಹೆಸರು ಕಟ್ಟಬೇಕಿಲ್ಲ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಇದಕ್ಕೆಂದೇ ‘ಎಂಪಿಡೊನ್ಯಾಕ್ಸ್ ಎಸ್‌ಪಿ’ ಎಂಬ ಆಯ್ಕೆ ಇದೆ. ಪ್ರಭೇದ ಹೇಳಲಾಗಲಿಲ್ಲ, ಗುಂಪು ಇದು ಎಂದು ಅದರ ಅರ್ಥ. ವಿಲ್ಲೋ-ಆಲ್ಡರ್ ಜೋಡಿಗೂ ‘ಟ್ರೇಲ್ಸ್’ ಎಂಬ ಹಳೆಯ ಹೆಸರಿನಲ್ಲೇ ಒಂದು ಆಯ್ಕೆ ಇದೆ. ಬಲೆಯಲ್ಲಿ ಹಿಡಿದು, ರೆಕ್ಕೆ ಬಾಲ ಅಳೆದು, ಕಾಲಿಗೆ ಉಂಗುರ ತೊಡಿಸುವವರು ಕೂಡ ಕೈಯಲ್ಲಿರುವ ಹಕ್ಕಿಗೆ ಎಷ್ಟೋ ಸಲ ‘ಟ್ರೇಲ್ಸ್’ ಅಂತಲೇ ಬರೆಯುತ್ತಾರೆ.

ಹಾಗೆ ಬರೆಯುವಾಗ ಜೊತೆಗೆ ಕಂಡದ್ದನ್ನು ಕಂಡಂತೆ ಸೇರಿಸಿ: ರೆಕ್ಕೆ ತುದಿ ಗಿಡ್ಡವೋ ಉದ್ದವೋ, ಕೊಕ್ಕಿನ ಕೆಳಗೆ ಯಾವ ಬಣ್ಣ, ಉಂಗುರ ದಪ್ಪವೋ ತೆಳುವೋ, ‘ವಿಟ್’ ಅಂತೋ ‘ಪಿಪ್’ ಅಂತೋ. ಪಕ್ಕದಿಂದ ತೆಗೆದ ಫೋಟೋ ಇದ್ದರೆ ಅದನ್ನೂ, ಫೋನಿನಲ್ಲಿ ಹಿಡಿದ ಕೂಗು ಇದ್ದರೆ ಅದನ್ನೂ ಏರಿಸಿ. ಹೆಚ್ಚು ಅನುಭವ ಇರುವವರು ನೋಡಿ ಹೇಳಿದರೆ ಆ ದಾಖಲೆಯನ್ನು ಆಮೇಲೆ ಯಾವಾಗ ಬೇಕಾದರೂ ತಿದ್ದಬಹುದು.